ಯೀಸ್ಟ್ ಎಂಬ ಹೆಪ್ಪು

ಹಾಲಿಗೆ ಹೆಪ್ಪು ಹಾಕುವಾಗ ಯಾರೂ ಅಳತೆಯ ಚಮಚ ಹುಡುಕುವುದಿಲ್ಲ. ಬೇಸಿಗೆಯಲ್ಲಿ ಚಮಚದ ತುದಿಗೆ ಅಂಟಿದಷ್ಟು ಮೊಸರು ಸಾಕು. ದೆಹಲಿಯ ಜನವರಿಯಲ್ಲಾದರೆ ಧಾರಾಳವಾಗಿ ಒಂದು ಚಮಚ ಹಾಕಿ, ಪಾತ್ರೆಗೆ ಟವೆಲ್ ಸುತ್ತಿ, ಬೆಚ್ಚಗಿನ ಮೂಲೆಯಲ್ಲಿ ಇಡುತ್ತಾರೆ. ಇದನ್ನು ಯಾರೂ ಪುಸ್ತಕ ನೋಡಿ ಕಲಿತಿಲ್ಲ. ಹವೆ ನೋಡಿ ಹೆಪ್ಪು ಎಂಬುದು ಪ್ರತಿ ಅಡುಗೆಮನೆಗೂ ಗೊತ್ತಿರುವ ಮಾತು.

ಅದೇ ಅಡುಗೆಮನೆಗೆ ಬ್ರೆಡ್ ಮೆಷೀನ್ ಬಂದ ದಿನ ಈ ತಿಳಿವಳಿಕೆಗೆ ರಜೆ ಕೊಟ್ಟುಬಿಡುತ್ತಾರೆ. ಕೈಪಿಡಿಯಲ್ಲಿ ಯೀಸ್ಟ್ ಒಂದೂವರೆ ಟೀ ಚಮಚ ಎಂದಿದ್ದರೆ ಚೆನ್ನೈಯ ಮೇ ತಿಂಗಳಿಗೂ ಒಂದೂವರೆ, ಪುಣೆಯ ಡಿಸೆಂಬರಿಗೂ ಒಂದೂವರೆ. ಬ್ರೆಡ್ಡಿನ ನೆತ್ತಿ ಕುಸಿದು ಗುಂಡಿ ಬಿದ್ದಾಗ ಬೈಗುಳ ಮೆಷೀನಿಗೆ. ನಾಲ್ಕೈದು ಬಾರಿ ಹೀಗಾದ ಮೇಲೆ ಸಾವಿರಗಟ್ಟಲೆ ಕೊಟ್ಟು ತಂದ ಮೆಷೀನ್ ಅಟ್ಟ ಸೇರುತ್ತದೆ, ಮನೆಗೆ ಮತ್ತೆ ಅಂಗಡಿಯ ಬ್ರೆಡ್ ಬರುತ್ತದೆ.

ತಪ್ಪಿನ ಒಂದು ಬೇರು ಹೆಸರಿನಲ್ಲೇ ಇದೆ. ಕನ್ನಡದ ಮನೆಮಾತಿನಲ್ಲಿ ಯೀಸ್ಟಿಗೆ ತನ್ನದೇ ಪದ ನಿಲ್ಲಲಿಲ್ಲ. ಅಂಗಡಿಯಲ್ಲಿ ಅದು 'ಯೀಸ್ಟ್ ಪೌಡರ್'. ಪೌಡರ್ ಎಂದ ಕೂಡಲೇ ಅದು ಬೇಕಿಂಗ್ ಪೌಡರ್, ಅಡುಗೆ ಸೋಡಾ, ಇಡ್ಲಿಗೆ ಕೆಲವರು ಹಾಕುವ ಈನೋ ಇವುಗಳ ಸಾಲಿಗೆ ಸೇರಿ, ಅದೇ ಕಪಾಟಿನಲ್ಲಿ ಕೂರುತ್ತದೆ. ಆದರೆ ಸೋಡಾ ಒಂದು ರಾಸಾಯನಿಕ. ಯೀಸ್ಟ್ ಒಣಗಿ ನಿದ್ದೆ ಹೋಗಿರುವ ಜೀವಿ, ಒಂದೇ ಕೋಶದ ಶಿಲೀಂಧ್ರ. ನೀರು ಮತ್ತು ಹಿಟ್ಟು ಸಿಕ್ಕರೆ ಏಳುತ್ತದೆ, ಸಕ್ಕರೆ ತಿನ್ನುತ್ತದೆ, ಗಾಳಿ ಬಿಡುತ್ತದೆ. ಬೆಚ್ಚಗಿದ್ದರೆ ಚುರುಕು, ತಣ್ಣಗಿದ್ದರೆ ಮಂದ, ನೀರು 60 ಡಿಗ್ರಿ ಮುಟ್ಟಿದರೆ ಸಾವು. ಮೊಸರಿನ ಹೆಪ್ಪು ಬ್ಯಾಕ್ಟೀರಿಯಾಗಳದ್ದು, ಇಡ್ಲಿಹಿಟ್ಟಿನ ಉಬ್ಬೂ ಬಹುಪಾಲು ಅವುಗಳದ್ದೇ. ಜೀವಿ ಬೇರೆ, ಸ್ವಭಾವ ಒಂದೇ. ಮಂಗಳೂರು ಕಡೆ ಸನ್ನಾಸ್ ಮಾಡುವವರು ಹಿಟ್ಟಿಗೆ ಕಳ್ಳು ಬೆರೆಸಿ ಉಬ್ಬಿಸುವಾಗ ಬಳಸುತ್ತಿದ್ದದ್ದು ಕಳ್ಳಿನಲ್ಲಿ ತಾನಾಗಿ ಬೆಳೆದ ಇಂಥ ಯೀಸ್ಟನ್ನೇ. ಯೀಸ್ಟನ್ನು ಪುಡಿ ಎನ್ನುವ ಬದಲು ಹೆಪ್ಪು ಎಂದು ಭಾವಿಸಿದರೆ ಅರ್ಧ ಕೆಲಸ ಸರಿಹೋಗುತ್ತದೆ.

ಇನ್ನು ಯಾವ ಯೀಸ್ಟ್ ಎಂಬ ಪ್ರಶ್ನೆ. ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಬೇಕರಿಗಳು ಬಳಸುವ, ಬೆಣ್ಣೆಯ ಮುದ್ದೆಯಂಥ ತಾಜಾ ಯೀಸ್ಟಿನ ತೂಕದಲ್ಲಿ ಸುಮಾರು 70 ಪಾಲು ನೀರೇ ಇರುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಎರಡು ಮೂರು ವಾರದಲ್ಲಿ ಕೆಡುತ್ತದೆ. 'ಆಕ್ಟಿವ್ ಡ್ರೈ' ಎಂಬುದು ದಪ್ಪ ಹರಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕೆ ಫ್ರಿಜ್ ಇಲ್ಲದೆಯೂ ಬಾಳುವ ಯೀಸ್ಟ್ ಬೇಕಾದಾಗ ಬಳಕೆಗೆ ಬಂದದ್ದು ಇದು. ಒಣಗಿಸುವಾಗ ಸತ್ತ ಕೋಶಗಳ ಪದರ ಹರಳಿನ ಸುತ್ತ ಉಳಿಯುವುದರಿಂದ ಇದನ್ನು ಮೊದಲು ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ ಎಬ್ಬಿಸಬೇಕು. ಹೆಸರಿನಲ್ಲಿ 'ಆಕ್ಟಿವ್' ಇದ್ದರೂ ಏಳಲು ಹೆಚ್ಚು ಹೊತ್ತು ಹಿಡಿಯುವುದು ಇದೇ. ಮೂರನೆಯದು 'ಇನ್‌ಸ್ಟಂಟ್', 70ರ ದಶಕದಲ್ಲಿ ಫ್ರಾನ್ಸಿನ ಲೆಸಾಫ್ರ್ ಕಂಪನಿ ಮಾರುಕಟ್ಟೆಗೆ ತಂದದ್ದು. ಹರಳು ಸಣ್ಣ, ಸತ್ತ ಕೋಶ ಕಡಿಮೆ, ನೆನೆಸುವ ಅಗತ್ಯವಿಲ್ಲ, ನೇರವಾಗಿ ಹಿಟ್ಟಿಗೆ ಹಾಕಬಹುದು.

ಮೆಷೀನಿಗೆ ಬೇಕಾದದ್ದು ಈ ಮೂರನೆಯದು. ವಿದೇಶಿ ಪಾಕವಿಧಾನಗಳಲ್ಲಿ ಬರುವ 'ಬ್ರೆಡ್ ಮೆಷೀನ್ ಯೀಸ್ಟ್' ಕೂಡ ಹೆಚ್ಚುಕಡಿಮೆ ಇದೇ. ಅದಕ್ಕಾಗಿ ಹೆಚ್ಚು ದುಡ್ಡು ಕೊಟ್ಟು ಆಮದು ಮಾಲು ತರಿಸುವುದು ದಂಡ. ಪಾಕವಿಧಾನದಲ್ಲಿ ತಾಜಾ ಯೀಸ್ಟ್ 10 ಗ್ರಾಂ ಎಂದಿದ್ದರೆ ಇನ್‌ಸ್ಟಂಟ್ ಮೂರು ಗ್ರಾಂ ಚಿಲ್ಲರೆ ಸಾಕು, ಅಂದರೆ ಒಂದು ಟೀ ಚಮಚಕ್ಕೆ ತುಸು ಹೆಚ್ಚು. ಮೂರು ಬಗೆಗೂ ಒಂದೇ ಅಳತೆ ಹಾಕುವವರ ಬ್ರೆಡ್ ಉಕ್ಕಿ ಮುಚ್ಚಳಕ್ಕೆ ಅಂಟುವುದರಲ್ಲಿ ಆಶ್ಚರ್ಯವಿಲ್ಲ.

ಎಷ್ಟು ಎಂಬುದೇ ದೊಡ್ಡ ಪ್ರಶ್ನೆ, ಕೈಪಿಡಿ ಸೋಲುವುದೂ ಇಲ್ಲೇ. ಬ್ರೆಡ್ ಮೆಷೀನಿನ ಹೊಟ್ಟೆಯಲ್ಲಿ ಒಂದು ಮೋಟಾರು, ಒಂದು ಹೀಟರು, ಒಂದು ಗಡಿಯಾರ ಇರುತ್ತವೆ. ಹಿಟ್ಟು ತಣ್ಣಗಿದ್ದರೆ ಹೀಟರಿನಿಂದ ಬೆಚ್ಚಗೆ ಮಾಡಬಲ್ಲದು. ಹಿಟ್ಟು ಬಿಸಿಯಾಗಿದ್ದರೆ ತಣ್ಣಗೆ ಮಾಡಲು ಅದರಲ್ಲಿ ಏನೂ ಇಲ್ಲ. ಚಳಿಯ ಊರಿಗೆ ಈ ಕೊರತೆ ಗೊತ್ತಾಗುವುದಿಲ್ಲ. ಮುಂಬೈ, ಚೆನ್ನೈ, ಹೈದರಾಬಾದಿನಲ್ಲಿ ಇಡೀ ಆಟ ಕೆಡುವುದು ಇದರಿಂದಲೇ. ನಾದಿ ಮುಗಿಸಿದ ಹಿಟ್ಟು 24ರಿಂದ 27 ಡಿಗ್ರಿ ಇದ್ದರೆ ಹದ ಎನ್ನುತ್ತಾರೆ ಬೇಕರಿಯವರು. ಅಡುಗೆಮನೆಯೇ 34 ಡಿಗ್ರಿ ಇದ್ದು, ನಲ್ಲಿಯ ನೀರೂ ಬೆಚ್ಚಗಿದ್ದು, ನಾದುವಾಗ ಹುಟ್ಟುವ ಶಾಖವೂ ಸೇರಿದರೆ ಯೀಸ್ಟ್ ಗಡಿಯಾರಕ್ಕಿಂತ ಬಹಳ ಮುಂದೆ ಓಡುತ್ತದೆ. ಬೇಯಿಸುವ ಹೊತ್ತು ಬರುವಷ್ಟರಲ್ಲಿ ಹಿಟ್ಟು ಉಬ್ಬಿ, ಸುಸ್ತಾಗಿ, ಕುಸಿದಿರುತ್ತದೆ.

ಹಾಗಾಗಿ ನಮ್ಮ ಊರುಗಳ ನಿಯಮ ಸರಳ: ಬೇಸಿಗೆಯಲ್ಲಿ ಯೀಸ್ಟ್ ಕಡಿಮೆ, ನೀರು ಫ್ರಿಜ್ಜಿನದು. 400 ಗ್ರಾಂ ಮೈದಾಕ್ಕೆ ಹಿತವಾದ ಹವೆಯಲ್ಲಿ ಇನ್‌ಸ್ಟಂಟ್ ಯೀಸ್ಟ್ ಒಂದು ಟೀ ಚಮಚ, ಅಂದರೆ ಸುಮಾರು 3 ಗ್ರಾಂ. ಸೆಕೆಗಾಲದಲ್ಲಿ ಮುಕ್ಕಾಲು ಚಮಚದಿಂದ ಶುರುಮಾಡಿ, ಇನ್ನೂ ಕುಸಿದರೆ ಅರ್ಧಕ್ಕೆ ಇಳಿಯಬಹುದು. ದೆಹಲಿಯ ಚಳಿಯಲ್ಲಿ ಯೀಸ್ಟ್ ಹೆಚ್ಚಿಸುವ ಮುಂಚೆ ನೀರನ್ನು ಉಗುರು ಬೆಚ್ಚಗೆ ಮಾಡಿ ನೋಡುವುದು ಒಳ್ಳೆಯದು. ಆರೋಗ್ಯದ ನೆಪದಲ್ಲಿ ಉಪ್ಪು ಬಿಡುವವರಿಗೆ ಒಂದು ಎಚ್ಚರಿಕೆ: ಯೀಸ್ಟಿಗೆ ಲಗಾಮು ಉಪ್ಪೇ. 400 ಗ್ರಾಂ ಹಿಟ್ಟಿಗೆ ಏಳೆಂಟು ಗ್ರಾಂ ಉಪ್ಪು ಬಿದ್ದರೆ ಅದು ಹದ್ದಿನಲ್ಲಿರುತ್ತದೆ.

ಬ್ರೆಡ್ ಏಳಲಿಲ್ಲ ಎಂದ ಕೂಡಲೇ ಯೀಸ್ಟ್ ಸುರಿಯುವ ಅಭ್ಯಾಸ ಮೊದಲು ಹೋಗಬೇಕು. ಚಪಾತಿಯ ಹಿಟ್ಟಿನಿಂದ ಮಾಡಿದ ಬ್ರೆಡ್ ಮೈದಾದ ಬ್ರೆಡ್ಡಿನಷ್ಟು ಏಳುವುದಿಲ್ಲ. ಅದರಲ್ಲಿರುವ ತೌಡು ಹಿಟ್ಟಿನ ಜಿಗುಟನ್ನು ತುಂಡರಿಸುತ್ತದೆ, ಹುಟ್ಟಿದ ಗಾಳಿ ನಿಲ್ಲದೆ ಸೋರುತ್ತದೆ. ತೂತಾದ ಬಲೂನಿಗೆ ಜೋರಾಗಿ ಊದಿ ಏನು ಫಲ? ನೀರು ತುಸು ಹೆಚ್ಚಿಸಿ, ಅರ್ಧ ಮೈದಾ ಬೆರೆಸಿದರೆ ಬ್ರೆಡ್ ಏಳುತ್ತದೆ. ಹೆಚ್ಚು ಯೀಸ್ಟ್ ಹಾಕಿದ ಬ್ರೆಡ್ಡಿಗೆ ಹೆಂಡದ ವಾಸನೆ ಬರುತ್ತದೆ, ಮರುದಿನಕ್ಕೆ ಪುಡಿಪುಡಿಯಾಗುತ್ತದೆ.

ರಾತ್ರಿ ತುಂಬಿಟ್ಟು ಬೆಳಗ್ಗೆ ಬಿಸಿ ಬ್ರೆಡ್ ತೆಗೆಯುವ ಟೈಮರಿನ ಆಸೆ ಎಲ್ಲರಿಗೂ ಇದೆ. ಅದು ನಡೆಯಬೇಕಾದರೆ ಮೆಷೀನ್ ತಿರುಗುವವರೆಗೆ ಯೀಸ್ಟ್ ಒಣಗಿಯೇ ಇರಬೇಕು. ಹೆಚ್ಚಿನ ಮೆಷೀನುಗಳಲ್ಲಿ ಮೊದಲು ನೀರು, ಮೇಲೆ ಹಿಟ್ಟು, ಮೂಲೆಯಲ್ಲಿ ಉಪ್ಪು, ಹಿಟ್ಟಿನ ನೆತ್ತಿಯ ಗುಂಡಿಯಲ್ಲಿ ಯೀಸ್ಟ್. ಕೆಲವು ಕಂಪನಿಗಳ ಮೆಷೀನಿನಲ್ಲಿ ಈ ಕ್ರಮ ತಲೆಕೆಳಗು: ಯೀಸ್ಟ್ ತಳದಲ್ಲಿ, ನೀರು ಕೊನೆಗೆ. ಯಾವ ಕ್ರಮವಾದರೂ ಗುಟ್ಟು ಒಂದೇ, ನೀರಿಗೂ ಯೀಸ್ಟಿಗೂ ನಡುವೆ ಹಿಟ್ಟಿನ ಗೋಡೆ. ತಾಜಾ ಯೀಸ್ಟ್ ಟೈಮರಿಗೆ ಆಗದು. ಹಾಲು ಮೊಟ್ಟೆ ಬೀಳುವ ಬ್ರೆಡ್ಡಿಗೂ ಟೈಮರ್ ಬೇಡ. ಸೆಕೆಯ ರಾತ್ರಿಯಲ್ಲಿ ಅವು ಕೆಡುತ್ತವೆ.

ಅರ್ಧ ಕಿಲೋ ಪ್ಯಾಕೆಟ್ ಅಗ್ಗವೆಂದು ತಂದು, ಕತ್ತರಿಸಿ, ಕ್ಲಿಪ್ ಹಾಕಿ ಒಲೆಯ ಮೇಲಿನ ಕಪಾಟಿನಲ್ಲಿಡುವುದು ಇನ್ನೊಂದು ದುಂದು. ಒಂದು ಬ್ರೆಡ್ಡಿಗೆ 3 ಗ್ರಾಂ ಲೆಕ್ಕದಲ್ಲಿ ಅರ್ಧ ಕಿಲೋ ಎಂದರೆ 160ಕ್ಕೂ ಹೆಚ್ಚು ಬ್ರೆಡ್. ವಾರಕ್ಕೆ ಎರಡು ಮಾಡುವ ಮನೆಗೆ ಒಂದೂವರೆ ವರ್ಷ! ಸಣ್ಣ ಪ್ಯಾಕೆಟ್ ಕೊಳ್ಳಬೇಕು, ಅಥವಾ ದೊಡ್ಡದನ್ನು ಮೂರು ನಾಲ್ಕು ಮನೆಯವರು ಹಂಚಿಕೊಳ್ಳಬೇಕು. ತೆರೆದ ಯೀಸ್ಟ್ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನೊಳಗಿರಲಿ. ಅನುಮಾನ ಬಂದರೆ ಅರ್ಧ ಲೋಟ ಉಗುರು ಬೆಚ್ಚಗಿನ ನೀರು, ಒಂದು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್. ಹತ್ತು ನಿಮಿಷದಲ್ಲಿ ನೊರೆ ಎದ್ದರೆ ಜೀವ ಇದೆ. ಏಳದಿದ್ದರೆ ಕಸದ ಬುಟ್ಟಿಗೆ.

'ತಲೆಬಿಸಿ ಬೇಡವೆಂದೇ ಮೆಷೀನ್ ಕೊಂಡದ್ದು' ಎನ್ನುವವರಿದ್ದಾರೆ. ಅವರು ಈ ಮೆಷೀನ್ ಹುಟ್ಟಿದ ಕತೆ ಕೇಳಬೇಕು. 80ರ ದಶಕದ ನಡುವೆ, ಇಂದು ಪ್ಯಾನಾಸೋನಿಕ್ ಎನಿಸಿಕೊಂಡಿರುವ ಒಸಾಕಾದ ಮಾತ್ಸುಶಿತಾ ಕಂಪನಿಯಲ್ಲಿ ಇದನ್ನು ರೂಪಿಸುತ್ತಿದ್ದಾಗ ನಾದುವುದು ಸರಿಬರುತ್ತಲೇ ಇರಲಿಲ್ಲ. ಎಕ್ಸ್‌-ರೇ ಹಿಡಿದು ಹೋಲಿಸಿದರೂ ಕಾರಣ ಸಿಗಲಿಲ್ಲ. ಕೊನೆಗೆ ಸಾಫ್ಟ್‌ವೇರ್ ವಿಭಾಗದ ಇಕುಕೊ ತನಾಕಾ ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಬೇಕರಿಯವನ ಪಕ್ಕ ನಿಂತು ಕಲಿತರು. ಅವನು ಹಿಟ್ಟನ್ನು ಎಳೆಯುವಾಗ ಕೈ ತಿರುಚುತ್ತಿದ್ದ. ಆ ತಿರುಚು ಮೆಷೀನಿಗೆ ಬಂದ ಮೇಲೆ ಬ್ರೆಡ್ ಬಂತು. ಜಪಾನಿನ ವಿದ್ವಾಂಸ ಇಕುಜಿರೊ ನೊನಾಕಾ 1991ರಲ್ಲಿ ಈ ಪ್ರಸಂಗ ಬರೆದು ಜಗತ್ತಿಗೆ ತಿಳಿಸಿದರು.

ನಾದುವ ಕೈ ಹೀಗೆ ಮೆಷೀನಿನೊಳಗೆ ಹೋಯಿತು. ಹವೆ ನೋಡುವ ಕಣ್ಣು ಹೊರಗೇ ಉಳಿದಿದೆ. ಮಗನೋ ಸೊಸೆಯೋ ಕೈಪಿಡಿ ಹಿಡಿದು ಚಮಚ ಅಳೆಯುತ್ತಿರುವಾಗ, ಪಕ್ಕದಲ್ಲಿ ನಲವತ್ತು ವರ್ಷ ಹೆಪ್ಪು ಹಾಕಿದ ಒಬ್ಬರು ಸುಮ್ಮನೆ ಕೂತಿರುತ್ತಾರೆ. ಇಂಗ್ಲಿಷ್ ಕೈಪಿಡಿಯ ಮೆಷೀನಿನಲ್ಲಿ ತನಗೇನು ಕೆಲಸ ಎಂದು ಅವರೂ ಅಂದುಕೊಂಡಿರುತ್ತಾರೆ. ಮುಂದಿನ ಸಲ ಮುಚ್ಚಳ ಹಾಕುವ ಮುಂಚೆ ಅವರನ್ನು ಕೇಳಬಹುದು: 'ಅಮ್ಮಾ, ಈ ಸೆಕೆಗೆ ಹೆಪ್ಪು ಎಷ್ಟು ಹಾಕ್ತೀ?' ಅವರು ಹೇಳಿದಂತೆ ಯೀಸ್ಟನ್ನೂ ಕಡಿಮೆ ಮಾಡಿದರೆ ಬ್ರೆಡ್ಡಿನ ನೆತ್ತಿ ನಿಲ್ಲುತ್ತದೆ.