ಮೂರು ಬೇಸಗೆಯ ವ್ರತ

ಗಿಡ ನೆಡುವುದು ಒಳ್ಳೆಯ ಕೆಲಸವೆಂಬುದನ್ನು ಅಲ್ಲಗಳೆಯುವವರು ನಮ್ಮಲ್ಲಿ ಯಾರೂ ಇಲ್ಲ. ಎಲ್ಲರೂ ಒಪ್ಪಿರುವ ಮಾತನ್ನು ಕುರಿತು ಲೇಖನ ಬರೆಯುವುದು ಕಾಗದಕ್ಕೂ ಮಸಿಗೂ ದಂಡವೆಂದು ಮಿತ್ರರು ಆಕ್ಷೇಪಿಸಬಹುದು. ಆದರೆ ಎಲ್ಲರೂ ಒಪ್ಪಿದ ಮಾತಿಗೆ ಒಂದು ವಿಪತ್ತು ಉಂಟು. ಒಪ್ಪಿಯಾಯಿತೆಂದು ಮತ್ತೆ ಅದನ್ನು ಯಾರೂ ವಿಚಾರ ಮಾಡುವುದಿಲ್ಲ. ಗಿಡವನ್ನು ಎಲ್ಲಿ ನೆಡಬೇಕು, ಎಷ್ಟು ನೆಡಬೇಕು, ನೆಟ್ಟ ಮರುದಿನ ಅದಕ್ಕೆ ನೀರು ಹಾಕುವವರು ಯಾರು ಎಂಬ ಪ್ರಶ್ನೆಗಳು ಭಾಷಣಗಳ ನಡುವೆ ಹಾಗೆಯೇ ಉಳಿದುಹೋಗುತ್ತವೆ. ಈ ವಿಷಯದಲ್ಲಿ ನನಗೆ ತೋರಿದ ಒಂದೆರಡು ಮಾತುಗಳನ್ನು ಸಹಪಾಠಿಗಳ ಮುಂದೆಯೂ ಅಧ್ಯಾಪಕ ವೃಂದದ ಮುಂದೆಯೂ ಇಡಬಯಸುತ್ತೇನೆ. ನನ್ನ ಅಭಿಪ್ರಾಯವಿಷ್ಟು: ವಿದ್ಯಾರ್ಥಿಯಾದವನು ಗಿಡ ನೆಡತಕ್ಕದ್ದು ತನ್ನ ಮನೆಯ ಹಿತ್ತಿಲಿನಲ್ಲಿ, ನೆಡತಕ್ಕದ್ದು ಒಂದೇ ಗಿಡ, ಅದನ್ನು ಮೂರು ಬೇಸಗೆ ದಾಟಿಸಿದ ಮೇಲೆ ಮಾತ್ರ ‘ನಾನೊಂದು ಗಿಡ ನೆಟ್ಟೆ’ ಎಂದು ಹೇಳಿಕೊಳ್ಳತಕ್ಕದ್ದು.

ನಮ್ಮ ದೇಶದಲ್ಲಿ ವನಮಹೋತ್ಸವವು ಆರಂಭವಾದದ್ದು 1950ರಲ್ಲಿ, ಆಗ ಕೇಂದ್ರದ ಆಹಾರ ಮತ್ತು ಕೃಷಿ ಸಚಿವರಾಗಿದ್ದ ಕೆ. ಎಂ. ಮುನ್ಷಿಯವರಿಂದ. 1973ರಿಂದ ಜೂನ್ 5ನೆಯ ದಿನವನ್ನು ವಿಶ್ವ ಪರಿಸರ ದಿನವೆಂದು ಆಚರಿಸುತ್ತ ಬಂದಿದ್ದಾರೆ. ಇವುಗಳ ಉದ್ದೇಶವು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅನೇಕ ಕಡೆಗಳಲ್ಲಿ ಅದು ನಡೆಯುವ ಬಗೆಯನ್ನು ನಾವೆಲ್ಲ ಬಲ್ಲೆವು. ಅತಿಥಿಗಳು ಬರುತ್ತಾರೆ, ಗುಂಡಿ ಮೊದಲೇ ತೋಡಿರುತ್ತದೆ, ಹತ್ತು ಕೈಗಳು ಒಂದೇ ಸಸಿಯನ್ನು ಹಿಡಿದು ನಿಲ್ಲುತ್ತವೆ, ಫೋಟೋ ತೆಗೆದಾದ ಮೇಲೆ ಉಪಾಹಾರಕ್ಕೆ ಏಳುತ್ತಾರೆ. ಬಿಸಿಲು ಏರುವ ಹೊತ್ತಿಗೆ ಪರೀಕ್ಷೆಯೋ ರಜೆಯೋ ಬಂದು ಆವರಣ ಬರಿದಾಗುತ್ತದೆ. ಮರುವರ್ಷ ಹೊಸ ಗುಂಡಿ ತೋಡುವ ಶ್ರಮವೂ ಇಲ್ಲ; ಹಳೆಯದೇ ಒದಗುತ್ತದೆ! ಇದರಲ್ಲಿ ಒಬ್ಬರ ತಪ್ಪು ಎಂದು ಬೆರಳು ಮಾಡುವಂತಿಲ್ಲ. ಎಲ್ಲರೂ ಸೇರಿ ನೆಟ್ಟ ಗಿಡವು ಯಾರೊಬ್ಬರ ಗಿಡವೂ ಆಗದೆಹೋಗುವುದೇ ಇದರ ಮೂಲ. ಹಲವರ ಕೂಸು ಅನಾಥ ಎಂಬಂತೆ ಅದರ ಗತಿ.

ಹಿತ್ತಿಲಿನ ಗಿಡದ ಸ್ಥಿತಿ ಬೇರೆ. ಬೆಳಗ್ಗೆ ಮುಖ ತೊಳೆಯಲು ಹೋದರೆ ಅದು ಕಣ್ಣಿಗೆ ಬೀಳುತ್ತದೆ. ಎಲೆ ಬಾಡಿದರೆ ಅಮ್ಮನಿಗೆ ಕಾಣುತ್ತದೆ, ಆಡು ನುಗ್ಗಿದರೆ ಅಜ್ಜಿ ಕೂಗುತ್ತಾಳೆ. ನಮ್ಮ ಹಳೆಯ ಮನೆಗಳಲ್ಲಿ ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಬಾವಿಯ ಪಕ್ಕದಲ್ಲಿ ತೆಂಗು, ಅಡಿಗೆಮನೆಯ ಬಾಗಿಲಿಗೆ ಹತ್ತಿರ ಕರಿಬೇವು, ಬೇಲಿಯ ಮೂಲೆಯಲ್ಲಿ ನುಗ್ಗೆ ಇರುತ್ತಿದ್ದುದು ಆಕಸ್ಮಿಕವಲ್ಲ. ನೀರು ಎಲ್ಲಿ ತಾನಾಗಿ ಬರುತ್ತದೋ, ಕೈ ಎಲ್ಲಿ ದಿನವೂ ತಲಪುತ್ತದೋ ಅಲ್ಲಿ ಗಿಡವನ್ನಿಡುವ ಜಾಣ್ಮೆ ಅದು. ಯಾರೂ ಅದನ್ನು ಉತ್ಸವವೆಂದು ಕರೆಯಲಿಲ್ಲ. ಹಿತ್ತಿಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ಅನ್ಯರ ವಿಷಯದಲ್ಲಿ ಬಹಳ ಉಪಯೋಗಿಸುತ್ತೇವೆ. ಹಿತ್ತಿಲೂ ಹೋಗಿ ಗಿಡವೂ ಹೋಗಿ ಗಾದೆಯೊಂದೇ ಉಳಿಯುವ ಕಾಲ ಹತ್ತಿರವಾಗುತ್ತಿದೆ.

ಮೂರು ಬೇಸಗೆ ಎಂದು ಏಕೆ ಹೇಳಿದೆನೆಂಬುದನ್ನು ವಿವರಿಸಬೇಕು. ಸಸಿಯು ಚೀಲದಲ್ಲಿರುವಾಗ ಅದರ ಬೇರಿಗೆ ಒಂದು ಸೇರು ಮಣ್ಣೇ ಲೋಕ. ನೆಲಕ್ಕೆ ಬಂದ ಮೇಲೆ ಅದು ಮೊದಲು ಮಾಡುವ ಕೆಲಸ ಕೆಳಗಿನದು, ಮೇಲಿನದಲ್ಲ. ಮೇಲುಮಣ್ಣು ಒಣಗಿದಾಗಲೂ ತೇವ ಉಳಿದಿರುವಷ್ಟು ಆಳಕ್ಕೆ ಬೇರು ಇಳಿಯುವವರೆಗೆ ಅದರ ಜೀವ ನಮ್ಮ ಚೆಂಬಿನಲ್ಲಿದೆ. ಮಳೆಗಾಲದಲ್ಲಿ ಚಿಗುರಿದ್ದನ್ನು ಕಂಡು ಬದುಕಿತೆಂದು ಸಂತೋಷಪಡುವುದು ಅವಸರದ ಮಾತು. ನಮ್ಮ ಬಯಲುಸೀಮೆಯಲ್ಲಿ ಪರೀಕ್ಷೆ ನಡೆಯುವುದು ಮಾರ್ಚಿಯಿಂದ ಮೇ ತಿಂಗಳವರೆಗೆ. ವಿದ್ಯಾರ್ಥಿಗೆ ಮಾತ್ರವಲ್ಲ, ಸಸಿಗೂ. ಮೊದಲ ಬೇಸಗೆ ಅತಿ ಕಠಿಣ, ಎರಡನೆಯದು ಸಾಧಾರಣ, ಮೂರನೆಯದನ್ನು ದಾಟಿದ ಗಿಡವು ಬಹುಮಟ್ಟಿಗೆ ತನ್ನ ಕಾಲ ಮೇಲೆ ನಿಲ್ಲುತ್ತದೆ. ಇದು ನನ್ನ ಕಲ್ಪನೆಯಲ್ಲ. ನಮ್ಮ ರಾಜ್ಯದ ಅರಣ್ಯ ಇಲಾಖೆಯು 2011-12ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತರಿಗೆ ಹಣ ಕೊಡುವುದು ಸಸಿ ನೆಟ್ಟದ್ದಕ್ಕಲ್ಲ. ಬದುಕಿ ಉಳಿದ ಸಸಿಗಳನ್ನು ವರ್ಷವರ್ಷವೂ ಎಣಿಸಿ ಮೂರು ವರ್ಷ ಕೊಡುವ ಏರ್ಪಾಡು ಅದು. ಲೆಕ್ಕ ಬಲ್ಲವರು ಮೂರು ಬೇಸಗೆಯನ್ನೇ ಅಳತೆಗೋಲಾಗಿ ಹಿಡಿದಿದ್ದಾರೆಂಬುದು ಗಮನಾರ್ಹ.

2025ರ ನವೆಂಬರಿನಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕನವರ ಹೆಸರನ್ನು ಕೇಳದವರಿಲ್ಲ. ಹುಲಿಕಲ್ಲಿಗೂ ಕುದೂರಿಗೂ ನಡುವಿನ ದಾರಿಯಲ್ಲಿ ಅವರೂ ಅವರ ಪತಿ ಚಿಕ್ಕಯ್ಯನವರೂ ಬೆಳೆಸಿದ ಆಲದ ಮರಗಳ ಸಾಲಿಗೆ ಲೋಕವು ತಲೆಬಾಗಿತು. 2019ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ನಾವು ಅವರನ್ನು ಹೊಗಳುವಾಗ ಮರಗಳ ಸಂಖ್ಯೆಯನ್ನು ಹೇಳುತ್ತೇವೆ. ನನಗೆ ಅದಕ್ಕಿಂತ ಮುಖ್ಯವೆಂದು ತೋರುವುದು ಅವರು ತೊಡಗಿದ ರೀತಿ. ಮೊದಲ ವರ್ಷ 10 ಸಸಿ, ಎರಡನೆಯ ವರ್ಷ 15, ಮೂರನೆಯ ವರ್ಷ 20 ನೆಟ್ಟರೆಂದು ಅವರ ಕಥೆಯನ್ನು ಬಲ್ಲವರು ಹೇಳುತ್ತಾರೆ. ಮಳೆಗಾಲದಲ್ಲಿ ನೆಡುವುದು, ಮಳೆ ನಿಂತ ಮೇಲೆ ಕೊಡಗಳಲ್ಲಿ ನೀರು ಹೊತ್ತು ಮೈಲಿಗಟ್ಟಲೆ ನಡೆಯುವುದು, ದನ ಮೇಯದಂತೆ ಮುಳ್ಳು ಕಟ್ಟುವುದು, ಇದು ಆ ದಂಪತಿಗಳ ಕ್ರಮ. ಹೊತ್ತು ಸಾಗಿಸಬಲ್ಲ ನೀರಿನಷ್ಟೇ ಸಸಿ, ಅದಕ್ಕಿಂತ ಹೆಚ್ಚಿಲ್ಲ. ಅವರು ನೆಟ್ಟದ್ದು ರಸ್ತೆಯ ಬದಿಯಲ್ಲಲ್ಲವೇ, ಹಿತ್ತಿಲಿನ ಮಾತಿಗೆ ಈ ಉದಾಹರಣೆ ಹೇಗೆ ಹೊಂದುತ್ತದೆ ಎಂದು ಕೇಳಿದರೆ, ಅವರು ರಸ್ತೆಯನ್ನೇ ತಮ್ಮ ಹಿತ್ತಿಲೆಂದು ತಿಳಿದರು ಎಂಬುದೇ ನನ್ನ ಉತ್ತರ. ನಮಗೆ ಅಷ್ಟು ದೊಡ್ಡ ಹಿತ್ತಿಲು ಸಾಧ್ಯವಾಗದಿದ್ದರೆ ಇರುವ ಚಿಕ್ಕದರಲ್ಲಿ ತೊಡಗೋಣ.

ಇನ್ನು ಕೆಲಸದ ಮಾತು. ಗುಂಡಿಯನ್ನು ಮಳೆಗೆ ಮುಂಚೆಯೇ, ಉದ್ದ ಅಗಲ ಆಳ ಎಲ್ಲವೂ ಎರಡಡಿ ಇರುವಂತೆ ತೋಡಿ ಕೆಲವು ದಿನ ಬಿಸಿಲಿಗೆ ಬಿಡಬೇಕು. ಮೇಲುಮಣ್ಣನ್ನು ಒಂದು ಕಡೆ, ಅಡಿಯ ಮಣ್ಣನ್ನು ಮತ್ತೊಂದು ಕಡೆ ಹಾಕಿಟ್ಟರೆ ತುಂಬುವಾಗ ಮೇಲುಮಣ್ಣಿಗೆ ಚೆನ್ನಾಗಿ ಕಳಿತ ಗೊಬ್ಬರ ಬೆರಸಿ ಬೇರಿನ ಸುತ್ತ ಕೊಡಬಹುದು. ಹಸಿ ಸೆಗಣಿ ಹಾಕಿದರೆ ಗೆದ್ದಲನ್ನು ಕರೆದಂತೆ. ಎತ್ತರವಾದ ಸಸಿಯೇ ಮೇಲೆಂದು ಆರಿಸುವವರುಂಟು. ಚೀಲದಲ್ಲೇ ಬಹುಕಾಲ ನಿಂತ ಸಸಿಯ ಬೇರು ಸುತ್ತಿಕೊಂಡಿರುತ್ತದೆ, ಎಳೆಯದಾದರೂ ಗಟ್ಟಿ ಕಾಂಡದ ಸಸಿ ಬೇಗ ನೆಲಕ್ಕೆ ಹೊಂದಿಕೊಳ್ಳುತ್ತದೆ. ಚೀಲವನ್ನು ಹರಿದು ತೆಗೆಯಬೇಕು, ಆದರೆ ಬೇರಿನ ಮಣ್ಣು ಉದುರಬಾರದು. ಕಸಿ ಗಿಡವಾದರೆ ಕಸಿಯ ಗಂಟು ಮಣ್ಣಿನಿಂದ ಮೇಲಿರಬೇಕು. ಆಸರೆಯ ಕೋಲಿಗೆ ಹಳೆಯ ಬಟ್ಟೆಯಿಂದ ಸಡಿಲವಾಗಿ ಕಟ್ಟಬೇಕು. ಬುಡದ ಸುತ್ತ ತರಗೆಲೆ ಹೊದಿಸಿದರೆ ತೇವ ಬೇಗ ಆರದು. ದಿನವೂ ಒಂದು ಚೆಂಬು ಚಿಮುಕಿಸಿ ಮಣ್ಣಿನ ಮೇಲ್ಮೈಯನ್ನಷ್ಟೇ ಒದ್ದೆ ಮಾಡುವುದಕ್ಕಿಂತ, ಮೊದಲ ಕೆಲವು ವಾರಗಳು ಕಳೆದ ಮೇಲೆ, ನಾಲ್ಕಾರು ದಿನಕ್ಕೊಮ್ಮೆ ಒಂದು ಕೊಡ ನೀರನ್ನು ನಿಧಾನವಾಗಿ ಇಂಗಿಸುವುದು ಮೇಲು. ನೀರು ಆಳಕ್ಕೆ ಹೋದರೆ ಬೇರೂ ಆಳಕ್ಕೆ ಹೋಗುತ್ತದೆ.

ನನ್ನ ಮಾತಿಗೆ ಬರಬಹುದಾದ ಆಕ್ಷೇಪಗಳನ್ನು ನಾನು ಕಡೆಗಣಿಸಿಲ್ಲ. ಜಾಗವೆಲ್ಲಿದೆ ಎಂಬುದು ಮೊದಲನೆಯದು. ಇಂದು ಪಟ್ಟಣದಲ್ಲಿ 30 ಅಡಿಗೆ 40 ಅಡಿಯ ನಿವೇಶನವೆಂದರೆ ಭಾಗ್ಯ. ಅದರಲ್ಲಿಯೂ ಗೋಡೆಯಿಂದ ಗೋಡೆಯವರೆಗೆ ಸಿಮೆಂಟು ಬಳಿದು, ಒಂದು ಹಿಡಿ ಮಣ್ಣು ಕಾಣದಂತೆ ಮಾಡುವುದನ್ನು ಅಚ್ಚುಕಟ್ಟೆಂದು ಭಾವಿಸುತ್ತೇವೆ. ಆದರೆ ಕರಿಬೇವು, ದಾಳಿಂಬೆ, ನಿಂಬೆ, ಪಾರಿಜಾತ ಇವು ಕೇಳುವುದು ನಾಲ್ಕಡಿ ಬರಿ ನೆಲವನ್ನು. ಸೀಬೆಗೆ ಇನ್ನೂ ಸ್ವಲ್ಪ ಹೆಚ್ಚು ಸಾಕು. ಎರಡನೆಯದು, ಮರದ ಬೇರು ತಳಪಾಯವನ್ನು ಸೀಳುತ್ತದೆಂಬ ಭಯ. ಆಲ, ಅರಳಿ, ಅತ್ತಿಗಳ ಮಟ್ಟಿಗೆ ಈ ಭಯ ಯಥಾರ್ಥ. ಅವು ಗೋಡೆಯ ಬಿರುಕಿನಲ್ಲಿಯೂ ಹುಟ್ಟಬಲ್ಲವು. ಅವುಗಳಿಗೆ ಊರ ಕಟ್ಟೆ, ಕೆರೆಯ ದಂಡೆ ಯೋಗ್ಯ ಸ್ಥಳ. ಮಾವು ಹಲಸುಗಳನ್ನು ಗೋಡೆಯಿಂದ ದೂರವಿಡಲು ಎಡೆಯಿದ್ದವರು ಮಾತ್ರ ನೆಡಲಿ. ಮೂರನೆಯ ಆಕ್ಷೇಪ ಕಾಯಿದೆಯದು. 1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ, ತೆಂಗಿನಂಥ ಕೆಲವು ಜಾತಿಗಳನ್ನು ಬಿಟ್ಟರೆ, ಬೆಳೆದ ಮರವನ್ನು ಕಡಿಯಲು ಅನುಮತಿ ಬೇಕು. ಈ ತೊಡಕೇಕೆಂದು ಹಿರಿಯರು ಹೇಳುವುದುಂಟು. ಕಡಿಯುವ ದಿನವನ್ನು ನೆನೆದು ನೆಡುವುದನ್ನೇ ಬಿಡುವ ಬದಲು, ಕಡಿಯಬೇಕಾಗದ ಜಾಗದಲ್ಲಿ ನೆಡುವುದು ಲೇಸಲ್ಲವೇ?

ಬಾಡಿಗೆ ಮನೆಯವರೂ ಹಾಸ್ಟೆಲಿನವರೂ ಏನು ಮಾಡಬೇಕೆಂಬ ಪ್ರಶ್ನೆ ಇವೆಲ್ಲಕ್ಕಿಂತ ಗಂಭೀರವಾದದ್ದು, ಏಕೆಂದರೆ ಸರ್ಕಾರಿ ಕಾಲೇಜಿನಲ್ಲಿ ಓದುವವರಲ್ಲಿ ಅಂಥವರು ಬಹಳ. ಅವರಿಗೂ ಎಲ್ಲಿಯೋ ಒಂದು ಹಿತ್ತಿಲು ಇದ್ದೇ ಇರುತ್ತದೆ: ಊರಿನಲ್ಲಿ ಅಜ್ಜಿಯ ಮನೆ, ಸೋದರಮಾವನ ಮನೆ, ತಾವು ಅಕ್ಷರ ಕಲಿತ ಹಳ್ಳಿಯ ಶಾಲೆ. ಅಲ್ಲಿ ನೆಟ್ಟು, ತಮ್ಮನಿಗೋ ತಂಗಿಗೋ ಕಾವಲು ಒಪ್ಪಿಸಿ, ವಾರದ ರಜೆಗೆ ಹೋದಾಗ ನೋಡಿಬರಬಹುದು. ಇನ್ನು ನೀರಿನ ಅಭಾವ. ನಲ್ಲಿಯಲ್ಲಿ ಕುಡಿಯುವ ನೀರೇ ದಿನ ಬಿಟ್ಟು ದಿನ ಬರುವ ಬೀದಿಗಳಿವೆಯೆಂಬುದು ಸತ್ಯ. ಆದರೂ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಯಾವ ಮನೆಯಲ್ಲಿ ಇಲ್ಲ? ಸೋಪಿನ ಪುಡಿ ಹೆಚ್ಚಾಗಿ ಬೆರೆತ ನೀರು ಎಳೆಯ ಗಿಡಕ್ಕೆ ಒಗ್ಗದು. ಮಿಕ್ಕ ನೀರೆಲ್ಲ ಮೋರಿಗೆ ಹೋಗುವ ಬದಲು ಬುಡಕ್ಕೆ ಹೋಗಲಿ.

ಕಾಡಿಗೆ ಕಾಡೇ ಹೋಗುತ್ತಿರುವಾಗ ಹಿತ್ತಿಲಿನ ಒಂದು ಕರಿಬೇವಿನಿಂದ ಆಗುವುದೇನು ಎಂದು ಒಬ್ಬ ಮಿತ್ರರು ನನ್ನನ್ನು ಕೇಳಿದರು. ಕೇಳತಕ್ಕ ಪ್ರಶ್ನೆಯೇ ಸರಿ. ಹಿತ್ತಿಲು ಕಾಡಿಗೆ ಬದಲಾಗದು. ಹಾಗೆಂದು ಹೇಳಿದರೆ ಅದು ಆತ್ಮವಂಚನೆ. ಆದರೆ ಆ ಗಿಡ ಮಾಡುವ ಕೆಲಸ ಸಣ್ಣದೂ ಅಲ್ಲ. ಪಡುವಣ ದಿಕ್ಕಿನಲ್ಲಿ ಎತ್ತರಕ್ಕೆ ಬೆಳೆದ ಮರವೊಂದಿದ್ದರೆ ಇಳಿಹೊತ್ತಿನ ಬಿಸಿಲು ಗೋಡೆಗೆ ತಾಗದೆ ಕೋಣೆ ತಂಪಾಗಿರುತ್ತದೆ. ಕರಿಬೇವು ನಿಂಬೆಗಳ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳುಗಳು ಕೆಲವೊಮ್ಮೆ ಇರುತ್ತವೆ. ಅಸಹ್ಯಪಟ್ಟು ಔಷಧ ಹೊಡೆಯದೆ ಕೆಲವು ದಿನ ತಾಳಿದರೆ ಅವೇ ಬಣ್ಣದ ದೊಡ್ಡ ಚಿಟ್ಟೆಗಳಾಗಿ ಹಾರಿಹೋಗುವುದನ್ನು ನೋಡಬಹುದು. ಇದಕ್ಕೂ ಮಿಗಿಲಾದ ಪ್ರಯೋಜನ ನೆಟ್ಟವನ ಮನಸ್ಸಿನಲ್ಲಿ ಆಗುತ್ತದೆ. ಒಂದು ಗಿಡಕ್ಕೆ ಮೂರು ವರ್ಷ ನೀರು ಹೊತ್ತವನಿಗೆ ಮರವೆಂದರೆ ಎಷ್ಟು ಕೊಡ, ಎಷ್ಟು ದಿನ ಎಂಬ ಲೆಕ್ಕ ಗೊತ್ತಿರುತ್ತದೆ. ನಾಳೆ ಅವನು ಗುಮಾಸ್ತನಾಗಿಯೋ ಅಧಿಕಾರಿಯಾಗಿಯೋ ಕುಳಿತಾಗ ನೂರು ಮರ ಕಡಿಯುವ ಕಾಗದ ಅವನ ಮೇಜಿಗೆ ಬಂದರೆ, ಅದರಲ್ಲಿ ಬರೆದ ಅಂಕಿಯನ್ನು ಅವನು ಬರಿಯ ಅಂಕಿಯಾಗಿ ಓದಲಾರನು.

ಕೊನೆಯದಾಗಿ ನಮ್ಮ ಕಾಲೇಜಿಗೆ ಒಂದು ಸೂಚನೆ. ನಮ್ಮ ಬಿ.ಎ. ಪದವಿಗೆ ಮೂರು ವರ್ಷ. ಗಿಡವು ನೆಲ ಹಿಡಿಯುವುದಕ್ಕೂ ಮೂರು ವರ್ಷ. ಪ್ರವೇಶ ಪಡೆದ ಮೊದಲ ಮಳೆಗಾಲದಲ್ಲಿ ಇಷ್ಟವುಳ್ಳ ಪ್ರತಿಯೊಬ್ಬ ವಿದ್ಯಾರ್ಥಿಯೂ ವಿದ್ಯಾರ್ಥಿನಿಯೂ ಅರಣ್ಯ ಅಥವಾ ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರದಿಂದ ಒಂದು ಸಸಿಯನ್ನು ತಂದು ಮನೆಯಲ್ಲಿ ನೆಡಲಿ. ಇದಕ್ಕೆ ಬಲವಂತವೂ ಬೇಡ, ಅಂಕಗಳೂ ಬೇಡ, ಫೋಟೋವಂತೂ ಬೇಡವೇ ಬೇಡ. ಪ್ರತಿ ವರ್ಷ ಜೂನ್ ತಿಂಗಳಲ್ಲಿ, ಬೇಸಗೆ ಕಳೆದ ಮೇಲೆ, ‘ಇದೆ’ ಅಥವಾ ‘ಹೋಯಿತು’ ಎಂದು ಒಂದು ಪುಸ್ತಕದಲ್ಲಿ ಬರೆದರೆ ಸಾಕು. ಹೋದದ್ದಕ್ಕೆ ಕಾರಣವನ್ನೂ ಬರೆಯಲಿ: ಆಡು, ಗೆದ್ದಲು, ಮರೆವು, ಮನೆ ಬದಲಾವಣೆ. ಆ ಪುಸ್ತಕದ ಒಂದು ಪುಟವನ್ನು ಈ ವಾರ್ಷಿಕ ಸಂಚಿಕೆಯಲ್ಲಿ ವರ್ಷವರ್ಷವೂ ಅಚ್ಚು ಮಾಡಬೇಕೆಂದು ಸಂಪಾದಕ ಮಂಡಲಿಯನ್ನು ಕೇಳಿಕೊಳ್ಳುತ್ತೇನೆ. ನೂರು ನೆಟ್ಟು ಮೂವತ್ತು ಉಳಿದರೆ ಮೂವತ್ತೆಂದೇ ಅಚ್ಚಾಗಲಿ. ನಿಜವಾದ ಮೂವತ್ತರಿಂದ ಮುಂದಿನ ವರ್ಷ ನಲವತ್ತಕ್ಕೆ ದಾರಿಯುಂಟು, ಭಾಷಣದ ನೂರರಿಂದ ಎಲ್ಲಿಗೂ ದಾರಿಯಿಲ್ಲ. ಈ ಸಂಚಿಕೆ ತಮ್ಮ ಕೈ ಸೇರಿದ ಮೇಲೆ ಮನೆಯ ಹಿಂದೆ ಹೋಗಿ, ನಾಲ್ಕಡಿ ಮಣ್ಣು ಎಲ್ಲಿ ಉಳಿದಿದೆಯೆಂದು ಒಮ್ಮೆ ನೋಡಿ ಬರಬೇಕೆಂದು ಮಿತ್ರರಲ್ಲಿ ನನ್ನ ಪ್ರಾರ್ಥನೆ.