ನಿಷೇಧಫಲಕವೂ ರಕ್ಷಣಧರ್ಮವೂ

ದೇವಾಲಯಗಳ ಮಹಾದ್ವಾರದಲ್ಲಿ “ಛಾಯಾಚಿತ್ರ ತೆಗೆಯುವುದನ್ನು ನಿಷೇಧಿಸಿದೆ” ಎಂಬ ಫಲಕವು ಈಚಿನ ದಿನಗಳಲ್ಲಿ ಸ್ಥಳದ ದೇವರ ಹೆಸರಿಗಿಂತಲೂ ದೊಡ್ಡ ಅಕ್ಷರಗಳಲ್ಲಿ ಕಾಣಬರುತ್ತಿದೆ. ಅದಕ್ಕೆ ತಲೆಬಾಗಿ ಒಳಹೋಗುವವರದು ಒಂದು ಪಕ್ಷ. ಅದನ್ನು ಕಂಡು ಸಿಡಿಮಿಡಿಗೊಳ್ಳುವವರದು ಇನ್ನೊಂದು ಪಕ್ಷ. ಮೊದಲನೆಯವರು ಅದನ್ನು ಶಾಸ್ತ್ರವೆಂದು ಭಾವಿಸುತ್ತಾರೆ; ಎರಡನೆಯವರು ಅದನ್ನು ಸ್ವಾತಂತ್ರ್ಯಹರಣವೆಂದು ಕೂಗುತ್ತಾರೆ. ವಿಚಾರಿಸಿ ನೋಡಿದರೆ ಇಬ್ಬರೂ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿಲ್ಲವೆಂದು ತೋರುತ್ತದೆ. ನಿಷೇಧಿಸಿದವನು ಅದಕ್ಕೆ ಬದಲಾಗಿ ನೋಡಬಂದವನಿಗೆ ಏನನ್ನು ಕೊಟ್ಟನು? ತಾನು ಕಾಯುತ್ತಿರುವ ವಸ್ತು ನಾಳೆ ನಾಶವಾದರೆ ಅದರ ಗುರುತು ಲೋಕದಲ್ಲಿ ಉಳಿಯುವಂತೆ ಏನು ಮಾಡಿದನು? ಈ ಎರಡಕ್ಕೂ ಉತ್ತರವಿಲ್ಲದ ನಿಷೇಧಕ್ಕೆ ರಕ್ಷಣೆಯೆಂಬ ಹೆಸರು ಸಲ್ಲದು.

ಕುಂಸಿಯ ಸೀಮೆಯಲ್ಲಿ ವಾಸಿಸುವ ಗೃಹಸ್ಥರಿಗೆ ಈ ವಿಚಾರವು ದೂರದ್ದಲ್ಲ. ಅವರ ಸುತ್ತಮುತ್ತ ದಿಕ್ಕುದಿಕ್ಕಿಗೂ ಶಿಲ್ಪಕ್ಷೇತ್ರಗಳಿವೆ. ರೈಲಿನಲ್ಲಿ ಸಾಗರಕ್ಕೆ ಹೋಗಿ ಇಳಿದರೆ ಇಕ್ಕೇರಿ, ಕೆಳದಿಗಳು ಸಮೀಪ. ಉತ್ತರಕ್ಕೆ ಬಳ್ಳಿಗಾವೆ, ತಾಳಗುಂದಗಳು. ಪೂರ್ವದ ಕಡೆ ಭದ್ರಾವತಿಯ ಲಕ್ಷ್ಮೀನರಸಿಂಹ. ದಕ್ಷಿಣಕ್ಕೆ ಶೃಂಗೇರಿಯ ವಿದ್ಯಾಶಂಕರ. ಘಟ್ಟವಿಳಿದರೆ ಕೊಲ್ಲೂರು, ಮೂಡಬಿದರೆ. ಇಷ್ಟನ್ನು ಒಂದು ವಾರದಲ್ಲಿ ಸುತ್ತಿ ಬರುವ ಕುಟುಂಬಕ್ಕೆ ಒಂದೊಂದು ಊರಿನಲ್ಲಿ ಒಂದೊಂದು ವಿಧಿ ಎದುರಾಗುತ್ತದೆ. 2018ನೆಯ ಇಸವಿಯ ಜುಲೈ ತಿಂಗಳಲ್ಲಿ ಭಾರತದ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಅಜಂತೆಯ ಗುಹೆಗಳು, ಲೇಹದ ಅರಮನೆ, ತಾಜಮಹಲಿನ ಸಮಾಧಿಗೃಹ ಈ ಮೂರನ್ನುಳಿದು ತನ್ನ ರಕ್ಷಣೆಯಲ್ಲಿರುವ ಸ್ಮಾರಕಗಳ ಆವರಣದಲ್ಲಿ ಚಿತ್ರ ತೆಗೆಯಬಹುದೆಂದು ಸಾರಿತು. 2023ನೆಯ ಇಸವಿಯ ಜುಲೈ ತಿಂಗಳಲ್ಲಿ ಕರ್ನಾಟಕದ ಮುಜರಾಯಿ ಇಲಾಖೆಯು ತನ್ನ ಅಧೀನದ ದೇವಾಲಯಗಳೊಳಗೆ ಮೊಬೈಲು ಫೋನನ್ನು ಬಳಸಕೂಡದೆಂದು ಆಜ್ಞೆ ಹೊರಡಿಸಿತು. ಇದಕ್ಕೆ ಕೆಲವು ತಿಂಗಳು ಮೊದಲು, 2022ನೆಯ ಡಿಸೆಂಬರಿನಲ್ಲಿ, ಮದರಾಸು ಉಚ್ಚ ನ್ಯಾಯಾಲಯದ ಮಧುರೆಯ ಪೀಠವು ತಮಿಳುನಾಡಿನ ದೇವಾಲಯಗಳಿಗೆ ಇಂತಹುದೇ ಅಪ್ಪಣೆ ಕೊಟ್ಟಿತ್ತು. ಒಂದು ಸರಕಾರಿ ಇಲಾಖೆ ಬಾಗಿಲನ್ನು ತೆರೆಯಿತು, ಇನ್ನೊಂದು ಮುಚ್ಚಿತು. ಎರಡರ ಕಾರಣಗಳೂ ನೋಡುವವನಿಗೆ ತಿಳಿಯಲಿಲ್ಲ. ಫಲಕದಲ್ಲಿ ಆಜ್ಞೆಯಿದೆ, ಕಾರಣವಿಲ್ಲ.

ನಿಷೇಧದ ಪರವಾಗಿ ಹೇಳುವವರ ಮೊದಲನೆಯ ವಾದವೆಂದರೆ, ದೇವತಾಮೂರ್ತಿಯನ್ನು ಯಂತ್ರದಿಂದ ಹಿಡಿಯುವುದು ಅಪಚಾರವೆಂಬುದು. ಇದು ನಿಲ್ಲತಕ್ಕ ವಾದವಲ್ಲ. ದೇವರ ಛಾಯಾಚಿತ್ರವೇ ಅಪಚಾರವಾಗಿದ್ದರೆ, ಅದೇ ಮೂರ್ತಿಯ ಚಿತ್ರವು ಅದೇ ಪ್ರಾಕಾರದ ಅಂಗಡಿಯಲ್ಲಿ ಚೌಕಟ್ಟು ಸಮೇತ ಮಾರಾಟಕ್ಕೆ ಬಂದುದು ಹೇಗೆ? ರವಿವರ್ಮನ ಮುದ್ರಣಾಲಯವು 1894ರಲ್ಲಿ ಸ್ಥಾಪಿತವಾದಂದಿನಿಂದ ದೇವತೆಗಳು ಕಾಗದದ ಮೇಲೆ ಇಳಿದು ಮನೆಮನೆಯ ಗೋಡೆಗಳಲ್ಲಿ ನೆಲಸಿದ್ದಾರೆ. ಹೂವು, ಗಂಧ, ದೀಪಗಳನ್ನು ಸ್ವೀಕರಿಸುತ್ತಿದ್ದಾರೆ. ಯಾವ ಮಡಿವಂತರ ಮನೆಯಲ್ಲಿಯೂ ಅದನ್ನು ಅಪಚಾರವೆಂದು ಕಿತ್ತುಹಾಕಿದುದಿಲ್ಲ. ಆದುದರಿಂದ ಚಿತ್ರವು ದೋಷವಲ್ಲ. ದೋಷವಿರುವುದು ಚಿತ್ರ ತೆಗೆಯುವವನ ನಡತೆಯಲ್ಲಿ ಎಂದರೆ ಅದು ನ್ಯಾಯವಾದ ಮಾತು. ಆ ಮಾತನ್ನೇ ಫಲಕದಲ್ಲಿ ಬರೆಯಬೇಕು. ಶಾಸ್ತ್ರದ ಮೇಲೆ ಭಾರ ಹಾಕಿ ವ್ಯವಸ್ಥೆಯ ಲೋಪವನ್ನು ಮುಚ್ಚಿಕೊಳ್ಳುವುದು ಶಾಸ್ತ್ರಕ್ಕೂ ಗೌರವವಲ್ಲ.

ನಮ್ಮ ಆಗಮಸಂಪ್ರದಾಯವು ಈ ಪ್ರಶ್ನೆಯನ್ನು ಬೇರೆ ರೂಪದಲ್ಲಿ ಎಂದೋ ಎದುರಿಸಿ ಪರಿಹರಿಸಿಕೊಂಡಿದೆ. ಗರ್ಭಗೃಹದ ಮೂಲಬೇರವು ಅಚಲ. ಅದರ ಬಳಿ ಹೋಗಲು ಅರ್ಚಕನಿಗಲ್ಲದೆ ಇತರರಿಗೆ ಅಧಿಕಾರವಿಲ್ಲ. ಆದರೆ ಮೂಲಬೇರವನ್ನು ಒಳಗಿಟ್ಟ ಸಂಪ್ರದಾಯವೇ ಉತ್ಸವಬೇರವನ್ನು ಬೀದಿಗೆ ತಂದಿತು. ಒಳಗೆ ಬರಲಾರದ ಮುದುಕರಿಗೂ ರೋಗಿಗಳಿಗೂ ಮನೆಯ ಜಗಲಿಯ ಮೇಲಿಂದಲೇ ದರ್ಶನವಾಗಲೆಂದು ತೇರು ಎಳೆಯಿತು. ಒಂದನ್ನು ಮರೆಮಾಡಿದುದಕ್ಕೆ ಪ್ರತಿಯಾಗಿ ಇನ್ನೊಂದನ್ನು ತೋರಿಸಲೇಬೇಕೆಂಬ ಋಣವನ್ನು ಹಿಂದಿನವರು ಒಪ್ಪಿಕೊಂಡಿದ್ದರು. ಇಂದಿನ ಆಡಳಿತ ಮಂಡಲಿಗಳು ಮರೆಮಾಡುವ ಅರ್ಧವನ್ನು ಮಾತ್ರ ಹಿಡಿದು, ತೋರಿಸುವ ಅರ್ಧವನ್ನು ಮರೆತಿವೆ.

ಇನ್ನು ಹೊರಗೋಡೆಯ ಶಿಲ್ಪದ ಮಾತು. ಬೇಲೂರಿನ ಚೆನ್ನಕೇಶವ ದೇವಾಲಯವು 1117ರಲ್ಲಿ ಪ್ರತಿಷ್ಠಿತವಾದುದು. ಅಲ್ಲಿ ಕೆಲಸ ಮಾಡಿದ ದಾಸೋಜನೂ ಅವನ ಮಗ ಚಾವಣನೂ ಇದೇ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯವರು. ತಾವು ಕಡೆದ ಮೂರ್ತಿಗಳ ಕೆಳಗೆ ಅವರು ತಮ್ಮ ಹೆಸರನ್ನೂ ಬಿರುದನ್ನೂ ಕೆತ್ತಿದರು. ಯಾರೂ ನೋಡಬಾರದೆಂದು ಯಾವ ರೂವಾರಿಯೂ ಹೆಸರು ಕೆತ್ತುವುದಿಲ್ಲ. ಇಕ್ಕೇರಿಯ ಅಘೋರೇಶ್ವರನ ಮುಂದೆ ನೆಲದ ಮೇಲೆ ಸಾಷ್ಟಾಂಗವೆರಗಿದ ನಾಯಕರ ಆಕೃತಿಗಳಿವೆ. ಬಂದವರೆಲ್ಲ ತಮ್ಮ ವಿನಯವನ್ನು ಕಾಣಲೆಂಬ ಉದ್ದೇಶವಿಲ್ಲದಿದ್ದರೆ ಅವನ್ನು ಅಲ್ಲಿ ಬಿಡಿಸುವ ಪ್ರಯೋಜನವೇನಿತ್ತು? ಲೋಕಕ್ಕೆ ಕಾಣಲೆಂದೇ ಮಾಡಿದುದನ್ನು ಗರ್ಭಗೃಹದ ರಹಸ್ಯದೊಡನೆ ಸೇರಿಸಿ ಒಂದೇ ಫಲಕದಿಂದ ಮುಚ್ಚುವುದು ವಿವೇಚನೆಯಲ್ಲ.

ವರ್ಣಚಿತ್ರದ ವಿಷಯ ಬೇರೆ. ಕಲ್ಲಿಗೆ ಬೆಳಕಿನಿಂದ ಕೇಡಿಲ್ಲ, ಬಣ್ಣಕ್ಕೆ ಉಂಟು. ಹಂಪೆಯ ವಿರೂಪಾಕ್ಷನ ರಂಗಮಂಟಪದ ಛಾವಣಿಯಲ್ಲಿ ಗಿರಿಜಾಕಲ್ಯಾಣವೂ ಪಲ್ಲಕ್ಕಿಯಲ್ಲಿ ಸಾಗುವ ಯತಿಗಳ ಮೆರವಣಿಗೆಯೂ ಬಣ್ಣಗಳಲ್ಲಿವೆ. ಇಂತಹ ಕಡೆ ಮಿಂಚುದೀಪವನ್ನು ತಡೆಯುವುದು ಸರಿಯೆ. ಆದರೆ ತಡೆಯಬೇಕಾದುದು ಮಿಂಚುದೀಪವನ್ನು. ಕಣ್ಣನ್ನೂ ನೆನಪನ್ನೂ ಅಲ್ಲ. ರೋಗಕ್ಕೆ ತಕ್ಕ ಪಥ್ಯವಿರಬೇಕೇ ಹೊರತು, ಶೀತವಾದವನಿಗೂ ಜ್ವರ ಬಂದವನಿಗೂ ಒಟ್ಟಿಗೆ ಅನ್ನ ನಿಲ್ಲಿಸುವ ವೈದ್ಯನನ್ನು ಯಾರೂ ಹೊಗಳುವುದಿಲ್ಲ.

ಕಾರಣ ಬರೆಯದ ನಿಷೇಧಕ್ಕೆ ಇನ್ನೊಂದು ಕೇಡಿದೆ. ಕಾರಣ ಸತ್ತ ಮೇಲೂ ಅದು ಬದುಕಿರುತ್ತದೆ. ರೋಮಿನ ಸಿಸ್ಟೈನ್ ಪ್ರಾರ್ಥನಾಮಂದಿರದಲ್ಲಿ ಮೈಕೆಲ್ ಆಂಜೆಲೋ ಬರೆದ ಚಿತ್ರಗಳನ್ನು 1980ರಿಂದ 1994ರವರೆಗೆ ಶುದ್ಧಿಗೊಳಿಸಿದರು. ಅದರ ವೆಚ್ಚವನ್ನು ವಹಿಸಿಕೊಂಡ ಜಪಾನಿನ ಒಂದು ದೂರದರ್ಶನ ಸಂಸ್ಥೆಗೆ ಚಿತ್ರೀಕರಣದ ಏಕಸ್ವಾಮ್ಯವನ್ನು ಕೆಲವು ವರ್ಷಗಳ ಮಟ್ಟಿಗೆ ಕೊಟ್ಟರು. ಆ ಅವಧಿ ಮುಗಿದು ದಶಕಗಳಾದವು. ನಿಷೇಧ ಮಾತ್ರ ಇಂದಿಗೂ ಇದೆ. ಈಗ ನೋಡಬಂದವರು ಅದನ್ನು ಭಕ್ತಿಯ ನಿಯಮವೆಂದೋ ಬಣ್ಣದ ರಕ್ಷಣೆಯೆಂದೋ ತಿಳಿದು ಕೈಕಟ್ಟಿ ನಿಲ್ಲುತ್ತಾರೆ. ಒಪ್ಪಂದದಿಂದ ಹುಟ್ಟಿದ ವಿಧಿಯು ಹೀಗೆ ಆಚಾರದ ವೇಷ ಧರಿಸುತ್ತದೆ.

ಗುಪ್ತವಾಗಿಡುವುದರ ಗುಣವನ್ನೂ ದೋಷವನ್ನೂ ಒಟ್ಟಿಗೆ ಕಾಣಬೇಕೆಂಬವರು ಮೂಡಬಿದರೆಯನ್ನು ನೋಡಬೇಕು. ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಧವಲಾ ಟೀಕೆಯೂ ಜಿನಸೇನರು 837ರಲ್ಲಿ ಪೂರೈಸಿದ ಜಯಧವಲಾ ಟೀಕೆಯೂ ಅಲ್ಲಿನ ಸಿದ್ಧಾಂತ ಬಸದಿಯ ತಾಳೆಯೋಲೆಗಳಲ್ಲಿ, ಹಳಗನ್ನಡದ ಲಿಪಿಯಲ್ಲಿ, ಉಳಿದು ಬಂದವು. ಹನ್ನೆರಡನೆಯ ಶತಮಾನದ ಆರಂಭದ್ದೆಂದು ಹೇಳಲಾಗುವ ಆ ಓಲೆಗಳಲ್ಲಿ ಕೆಲವು ವರ್ಣಚಿತ್ರಗಳಿಂದ ಅಲಂಕೃತವಾಗಿವೆ. ಕನ್ನಡನಾಡಿನ ಚಿತ್ರಕಲೆಗೆ ಅದಕ್ಕಿಂತ ಹಳೆಯ ಓಲೆಯ ಸಾಕ್ಷ್ಯ ದುರ್ಲಭ. ಶತಮಾನಗಳ ಕಾಲ ಆ ಗ್ರಂಥಗಳು ಪೂಜೆಗೆ ಮಾತ್ರ. ಯಾತ್ರಿಕರು ದೂರದಿಂದ ಕೈಮುಗಿದು ಹಿಂದಿರುಗುತ್ತಿದ್ದರು. ಬಸದಿಯವರು ಅಷ್ಟು ಜಾಗರೂಕತೆಯಿಂದ ಕಾಯದಿದ್ದರೆ ಅವು ಉಳಿಯುತ್ತಿರಲಿಲ್ಲವೆಂಬುದು ನಿಜ. ಅವರಿಗೆ ವಿದ್ವಲ್ಲೋಕವು ಋಣಿ. ಆದರೆ ಓಲೆಗೂ ಆಯುಸ್ಸಿದೆ. ಅಂಚು ಮುರಿದು, ಹುಳು ತಿಂದು, ಕಾಲದ ಕೈಗೆ ಸಿಕ್ಕಿದ್ದ ಅವುಗಳ ಪ್ರತಿಯನ್ನು 1896ರಿಂದ 1922ರವರೆಗಿನ ಅವಧಿಯಲ್ಲಿ ಬರೆಸಿದರು. ಆ ಪ್ರತಿಗಳೂ ಮಠದೊಳಗೇ ಇರತಕ್ಕದ್ದೆಂಬುದು ನಿಯಮವಾಗಿತ್ತು. ಅಪ್ಪಣೆ ಮೀರಿ ಹೊರಬಿದ್ದ ಒಂದು ಪ್ರತಿಯ ಸಂತತಿಯಿಂದಲೇ ಪಂಡಿತ ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಮೊದಲ ಸಂಪುಟವನ್ನು ಪ್ರಕಟಿಸಲು ಸಾಧ್ಯವಾಯಿತು. ಮುಂದೆ ಮೂಡಬಿದರೆಯ ಮೂಲದೊಡನೆ ತಾಳೆ ನೋಡುವ ಅವಕಾಶವೂ ದೊರೆತು, ಹದಿನಾರು ಸಂಪುಟಗಳು ಪೂರ್ಣವಾದವು. ಪ್ರಕಟವಾದುದರಿಂದ ಆ ಗ್ರಂಥದ ಪಾವಿತ್ರ್ಯ ಕುಂದಿತೆಂದು ಇಂದು ಯಾವ ಶ್ರಾವಕನೂ ಹೇಳುವುದಿಲ್ಲ. ಅಪ್ಪಣೆ ಮೀರಿದುದು ತಪ್ಪೆನ್ನುವುದಾದರೆ, ಅಪ್ಪಣೆ ಕೊಡಬೇಕಾದ ಕಾಲದಲ್ಲಿ ಕೊಡದೆ ಇದ್ದುದನ್ನು ಏನೆನ್ನಬೇಕು?

ಮರೆಯಲ್ಲಿಟ್ಟರೆ ಕಳ್ಳರಿಂದ ರಕ್ಷಣೆ ಎಂಬುದು ಇನ್ನೊಂದು ವಾದ. ಅದೇ ಸಿದ್ಧಾಂತ ಬಸದಿಯಿಂದ 2013ರಲ್ಲಿ ಬೆಲೆಬಾಳುವ ಜಿನಬಿಂಬಗಳು ಕಳುವಾದವು. ಕಳ್ಳನಿಗೆ ಛಾಯಾಚಿತ್ರ ಬೇಕಿಲ್ಲ. ಚಿತ್ರ ಬೇಕಾಗುವುದು ಕಳೆದುಕೊಂಡವನಿಗೆ. ತಮಿಳುನಾಡಿನ ಶ್ರೀಪುರಂದಾನಿನ ನಟರಾಜನು ಕಳವಾಗಿ ಹೋಗಿ ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆಯಲ್ಲಿ ನಿಂತಿದ್ದನು. ಅವನು ಯಾವ ಗುಡಿಯವನೆಂದು ಸಿದ್ಧಪಡಿಸಲು ನೆರವಾದುದು ಪುದುಚೇರಿಯ ಫ್ರೆಂಚ್ ವಿದ್ಯಾಸಂಸ್ಥೆಯವರು ಹಿಂದೆ ತೆಗೆದಿಟ್ಟಿದ್ದ ಛಾಯಾಚಿತ್ರ. 2014ರಲ್ಲಿ ಮೂರ್ತಿ ಭಾರತಕ್ಕೆ ಮರಳಿತು. ಚಿತ್ರವಿಲ್ಲದ ಗುಡಿಯ ದೇವರು ಹೋದರೆ, “ಇವನು ನಮ್ಮವನು” ಎಂದು ಯಾವ ಬಾಯಿಂದ ಹೇಳಬೇಕು?

ಹಾಗೆಂದು ಪ್ರತಿಯೇ ಮೂಲಕ್ಕೆ ಸಮವೆಂದು ತಿಳಿಯುವುದೂ ಭ್ರಾಂತಿ. ಅಜಂತೆಯ ಗುಹೆಗಳಲ್ಲಿ ರಾಬರ್ಟ್ ಗಿಲ್ ಎಂಬ ಸೈನ್ಯಾಧಿಕಾರಿ 1844ರಿಂದ ಹಲವು ವರ್ಷ ಶ್ರಮಪಟ್ಟು ಬರೆದ ಪ್ರತಿಚಿತ್ರಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಸ್ಫಟಿಕಸೌಧದ ಬೆಂಕಿಯಲ್ಲಿ ಭಸ್ಮವಾದವು. ಗುಹೆಯ ಗೋಡೆ ಮಾತ್ರ ಉಳಿದಿದೆ. ಜಪಾನಿನ ಹೋರ್ಯೂಜಿ ವಿಹಾರದಲ್ಲಿ ಇದಕ್ಕೆ ವಿಪರೀತವಾಯಿತು. ಅಲ್ಲಿನ ಪ್ರಾಚೀನ ಭಿತ್ತಿಚಿತ್ರಗಳನ್ನು 1935ರಲ್ಲಿ ಮೂಲದ ಗಾತ್ರದಲ್ಲಿಯೇ ಗಾಜಿನ ಫಲಕಗಳ ಮೇಲೆ ಹಿಡಿದರು. 1949ನೆಯ ಜನವರಿ 26ರಂದು ಬೆಂಕಿ ಬಿದ್ದು ಭಿತ್ತಿಚಿತ್ರಗಳು ಸುಟ್ಟು ಕರಕಾದವು. ಮುಂದೆ ಹೊಸದಾಗಿ ಆ ಚಿತ್ರಗಳನ್ನು ಬರೆದು ಗೋಡೆಗಳನ್ನು ತುಂಬಲು ಆಧಾರವಾದುದು ಆ ಗಾಜಿನ ಫಲಕಗಳೆ. ಒಂದು ಕಡೆ ಪ್ರತಿ ಬೆಂದು ಮೂಲ ಉಳಿಯಿತು. ಇನ್ನೊಂದು ಕಡೆ ಮೂಲ ಬೆಂದು ಪ್ರತಿ ಉಳಿಯಿತು. ಬೆಂಕಿಗೆ ಪಕ್ಷಪಾತವಿಲ್ಲ. ಆದುದರಿಂದ ಎರಡನ್ನೂ ಉಳಿಸಿಕೊಂಡವನೇ ಬುದ್ಧಿವಂತನು.

ಶಿವಮೊಗ್ಗ ಜಿಲ್ಲೆಯೇ ಇದಕ್ಕೆ ಸಾಕ್ಷಿ. ಲೂಯಿ ರೈಸರು 1902 ಮತ್ತು 1904ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಎಂಟನೆಯ ಸಂಪುಟಗಳಲ್ಲಿ ಈ ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದರು. ತಾಳಗುಂದದ ಸ್ತಂಭಶಾಸನವನ್ನು ಇಂದು ದೇಶದ ಯಾವ ಮೂಲೆಯ ವಿದ್ಯಾರ್ಥಿಯಾದರೂ ಓದಬಹುದಾದರೆ, ಅದು ಕಲ್ಲಿನ ಮೇಲೆ ಕಾಗದವನ್ನು ಒತ್ತಿ ಪಡಿಯಚ್ಚು ತೆಗೆದವರ ಶ್ರಮದಿಂದ. ಅಂದು ಪ್ರತಿಯೊಂದು ಗುಡಿಯ ಬಾಗಿಲಲ್ಲಿಯೂ “ಅಚ್ಚು ತೆಗೆಯಕೂಡದು” ಎಂಬ ಫಲಕವಿದ್ದಿದ್ದರೆ ಕದಂಬರ ಚರಿತ್ರೆಯಲ್ಲಿ ಎಷ್ಟು ಪುಟಗಳು ಖಾಲಿ ಉಳಿಯುತ್ತಿದ್ದವೋ ವಾಚಕರೇ ಊಹಿಸಿಕೊಳ್ಳಬಹುದು.

ಇಷ್ಟು ಹೇಳಿದುದರಿಂದ ಕೈಯಲ್ಲಿ ಯಂತ್ರ ಹಿಡಿದು ನುಗ್ಗುವವರು ಗೆದ್ದೆವೆಂದು ಹಿಗ್ಗಬೇಕಾದುದಿಲ್ಲ. ಸಂಸ್ಕೃತದಲ್ಲಿ ಗ್ರಹಣವೆಂದರೆ ಹಿಡಿಯುವುದೂ ಹೌದು, ತಿಳಿಯುವುದೂ ಹೌದು, ಸೂರ್ಯಚಂದ್ರರಿಗೆ ಮರೆ ಕವಿಯುವುದೂ ಹೌದು. ಇಂದಿನ ಬಹುಪಾಲು ಚಿತ್ರಗ್ರಹಣವು ಮೂರನೆಯ ಅರ್ಥದ್ದು. ಕೆಳದಿಯ ಗುಡಿಯ ಛಾವಣಿಯ ಗಂಡಭೇರುಂಡದ ಕೆಳಗೆ ನಿಂತವರು ಅದಕ್ಕೆ ಬೆನ್ನು ತಿರುಗಿಸಿ ತಮ್ಮ ಮುಖವನ್ನೇ ಹಿಡಿದುಕೊಂಡು ಹೊರಡುತ್ತಾರೆ. ಎರಡು ತಲೆಗಳ ಆ ಪಕ್ಷಿಯು ಏನನ್ನು ಹಿಡಿದಿದೆಯೆಂದು ಕೇಳಿದರೆ ಉತ್ತರವಿಲ್ಲ. ಹಿಂದೆ ನಿಂತ ವೃದ್ಧೆಗೆ ಮಂಗಳಾರತಿ ಕಾಣದಂತೆ ಕೈಯೆತ್ತಿ ನಿಂತವನಿಗೆ ಹಕ್ಕಿನ ಮಾತು ಶೋಭಿಸದು. ನೋಡದೆ ತೆಗೆದ ಚಿತ್ರವು ಮನೆಗೆ ಹೋದ ಮೇಲೂ ನೋಡದೆಯೇ ಉಳಿಯುತ್ತದೆ. ಇಂತಹವರನ್ನು ಕಂಡೇ ಅರ್ಚಕರು ಬೇಸತ್ತು ಫಲಕ ತೂಗಿದರೆಂದರೆ ಅವರನ್ನು ಪೂರ್ಣವಾಗಿ ದೂಷಿಸಲೂ ಆಗದು.

ಆದರೆ ದಂಡನೆ ಮಾತ್ರದಿಂದ ಶಿಕ್ಷಣವಾಗದು. ಯಂತ್ರವನ್ನು ಬಾಗಿಲಲ್ಲಿ ಇಟ್ಟು ಒಳಬಂದ ಕುಟುಂಬಕ್ಕೆ ಕತ್ತಲೆಯ ಅಂಕಣ, ಹೆಸರಿಲ್ಲದ ಮೂರ್ತಿ, ಕೇಳಿದರೆ “ಮುಂದೆ ನಡೆಯಿರಿ” ಎಂಬ ಮಾತು, ಇವಿಷ್ಟೇ ದೊರೆತರೆ ಅವರು ಕೊಟ್ಟುದಕ್ಕೆ ಪಡೆದುದೇನು? ನಿಷೇಧಿಸುವ ಹಕ್ಕನ್ನು ಬೇಡುವ ಪ್ರತಿಯೊಂದು ಸಂಸ್ಥೆಯೂ ಕೆಲವು ಹೊಣೆಗಳನ್ನು ಹೊರಬೇಕು. ಗರ್ಭಗೃಹವೋ, ಬಣ್ಣವೋ, ಜನಸಂದಣಿಯೋ ನಿಷೇಧದ ಕಾರಣವೆಂಬುದನ್ನು ಫಲಕದಲ್ಲಿಯೇ ತಿಳಿಗನ್ನಡದಲ್ಲಿ ಬರೆಯಬೇಕು; ಕಾರಣವಿಲ್ಲದೆಡೆ ಫಲಕವನ್ನು ತೆಗೆಯಬೇಕು. ಒಳಗಿರುವ ಪ್ರತಿಯೊಂದು ಶಿಲ್ಪವನ್ನೂ ಚಿತ್ರವನ್ನೂ ತಾನೇ ತಜ್ಞರಿಂದ ಛಾಯಾಚಿತ್ರ ತೆಗೆಯಿಸಿ, ಒಂದು ಪ್ರತಿಯನ್ನು ಆ ಕಟ್ಟಡದಲ್ಲಿಯೂ ಇನ್ನೊಂದನ್ನು ಬೇರೊಂದು ಊರಿನಲ್ಲಿಯೂ ಇರಿಸಬೇಕು. ಅವುಗಳಿಂದ ಬಡವನೂ ಕೊಳ್ಳಬಲ್ಲ ಬೆಲೆಯ ಪುಸ್ತಕವನ್ನು ಬಾಗಿಲಲ್ಲಿಯೇ ಮಾರಬೇಕು. ನೋಡಲು ಸಾಕಾಗುವಷ್ಟು ಮಂದವಾದ ಬೆಳಕನ್ನೂ, ವಾರದಲ್ಲಿ ಕೆಲವು ಗಂಟೆಯಾದರೂ ವಿವರಿಸಿ ಹೇಳಬಲ್ಲ ಒಬ್ಬ ವಿದ್ಯಾವಂತನನ್ನೂ ಒದಗಿಸಬೇಕು. ಹುಂಡಿಯಲ್ಲಿ ಬೀಳುವ ಹಣಕ್ಕೆ ಇದು ಭಾರವಾದ ವೆಚ್ಚವಲ್ಲ.

ಗೃಹಸ್ಥರಿಗೂ ಕರ್ತವ್ಯವಿದೆ. ಫಲಕವಿರುವಲ್ಲಿ ಅದನ್ನು ಮೀರದೆ ಕಾರಣವನ್ನು ಬರಹದಲ್ಲಿ ಕೇಳಬೇಕು. ಮಕ್ಕಳ ಕೈಗೆ ಸೀಸದ ಕಡ್ಡಿಯನ್ನೂ ಕಾಗದವನ್ನೂ ಕೊಟ್ಟು ಕಂಡುದನ್ನು ಮನೆಗೆ ಬಂದು ಬರೆಯಿಸಬೇಕು. ಆಗ ಎಷ್ಟು ಕಂಡರು, ಎಷ್ಟು ಕಾಣಲಿಲ್ಲ ಎಂಬುದು ತಾನೇ ತಿಳಿಯುತ್ತದೆ. ಇನ್ನು ಫಲಕವೇ ಇಲ್ಲದ ಸ್ಥಳಗಳು ಎಷ್ಟೋ ಇವೆ. ಮಲೆನಾಡಿನ ಹಳ್ಳಿಗಳಲ್ಲಿ ಕೆರೆಯ ಏರಿಯ ಮೇಲೆ, ಗದ್ದೆಯ ಬದುವಿನಲ್ಲಿ, ಬಿದ್ದ ಗುಡಿಯ ಮುಂದೆ, ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ನಿಂತಿವೆ. ಅವುಗಳ ಚಿತ್ರ ತೆಗೆಯಬೇಡಿರೆಂದು ಯಾರೂ ಹೇಳಿಲ್ಲ, ತೆಗೆದವರೂ ವಿರಳ. ರಸ್ತೆ ಅಗಲವಾದಂದು ಅವು ಅಡಿಪಾಯದ ಕಲ್ಲಾಗಿ ಹೋಗುತ್ತವೆ. ಪ್ರಸಿದ್ಧ ಕ್ಷೇತ್ರದ ಬಾಗಿಲಲ್ಲಿ ಹಕ್ಕಿಗಾಗಿ ಹೋರಾಡುವ ಉತ್ಸಾಹದಲ್ಲಿ ಹತ್ತನೆಯ ಒಂದು ಪಾಲನ್ನು ತಮ್ಮ ಊರಿನ ಕಲ್ಲುಗಳಿಗೆ ಮೀಸಲಿಟ್ಟು, ಕುಂಸಿಯ ಸುತ್ತಲಿನ ಒಂದೊಂದು ಮನೆತನವು ಒಂದೊಂದು ಹಳ್ಳಿಯ ಕಲ್ಲುಗಳ ಚಿತ್ರವನ್ನೂ ವಿವರವನ್ನೂ ಜಿಲ್ಲೆಯ ಪುಸ್ತಕಭಂಡಾರಕ್ಕೆ ಒಪ್ಪಿಸಿದರೆ, ಛಾಯಾಯಂತ್ರವು ಈ ನಾಡಿನಲ್ಲಿ ಪಡೆಯಬಹುದಾದ ಸಾರ್ಥಕ್ಯಕ್ಕೆ ಅದಕ್ಕಿಂತ ಮಿಗಿಲಾದುದು ಮತ್ತೊಂದಿಲ್ಲ.