ಇನ್ನೊಬ್ಬರು ನೋಡಿದ್ದರೆ ಸಾಕಿತ್ತು

2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್‌ನ ಸಾಫ್ಟ್‌ವೇರ್ ಹಳಿ ತಪ್ಪಿತು. ಸುಮಾರು 45 ನಿಮಿಷಗಳಲ್ಲಿ ಲಕ್ಷಗಟ್ಟಲೆ ತಪ್ಪು ವಹಿವಾಟುಗಳು ನಡೆದವು. ನಷ್ಟ 46 ಕೋಟಿ ಡಾಲರ್ ದಾಟಿತು.

ಆದದ್ದು ಇಷ್ಟೇ: ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ತಂತ್ರಜ್ಞರೊಬ್ಬರು ಹೊಸ ಕೋಡ್ ಹಾಕಿರಲಿಲ್ಲ. ಅದನ್ನು ಇನ್ನೊಬ್ಬರು ಪರಿಶೀಲಿಸಬೇಕೆಂಬ ಲಿಖಿತ ನಿಯಮವೇ ಅಲ್ಲಿರಲಿಲ್ಲ. ಮಾರುಕಟ್ಟೆ ತೆರೆಯುವ ಮೊದಲೇ ದೋಷ ಸೂಚಿಸುವ 97 ಇಮೇಲ್‌ಗಳು ಸಿಬ್ಬಂದಿಗೆ ಬಂದಿದ್ದವು. ಯಾರೂ ತಲೆಕೆಡಿಸಿಕೊಳ್ಳಲಿಲ್ಲ.

ಇದನ್ನು ಒಬ್ಬ ತಂತ್ರಜ್ಞರ ತಲೆಗೆ ಕಟ್ಟುವುದು ಅನ್ಯಾಯ. ಮನುಷ್ಯರಿಗೆ ಮರೆವು ಸಹಜ. ಅದನ್ನು ಸಕಾಲದಲ್ಲಿ ಪತ್ತೆಹಚ್ಚುವಂತೆ ತಂಡ ಕಟ್ಟುವುದು ಆಡಳಿತದ ಹೊಣೆ. ಹೊಸ ಕೋಡ್ ಅಳವಡಿಸುವಾಗಲೆಲ್ಲ ಬೇರೊಬ್ಬರ ಪರಿಶೀಲನೆ, ಪ್ರತಿ ಎಚ್ಚರಿಕೆಗೂ ಉತ್ತರಿಸಬೇಕಾದ ಒಬ್ಬ ವ್ಯಕ್ತಿ: ಇವೆರಡಕ್ಕೂ ಬೇಕಾದ ಜನ ಮತ್ತು ಸಮಯವನ್ನು ಕಂಪನಿಗಳು ಯೋಜನೆಯ ಬಜೆಟ್‌ನಲ್ಲೇ ತೆಗೆದಿಡಬೇಕು.